ಅತ್ತೆ ಹಾರಿಬಿಟ್ಟ ಹಕ್ಕಿಗಳು

ನಮ್ಮ ಸೋದರತ್ತೆಗೆ ತಲೆ ಸರಿಯಿಲ್ಲ ಎಂದು ನಾನು ಹೇಳುತ್ತಿಲ್ಲ. ಸೊರಬದ ಕಡೆಯ ಅವರ ಇಡೀ ಊರೇ ಹೇಳುತ್ತದೆ! ಅತ್ತೆ ಅಂಗನವಾಡಿ ಟೀಚರ್. ಬೀಜ ಮೊಳೆಯುವ ಪಾಠಕ್ಕೆಂದು ಮಕ್ಕಳನ್ನು ಮೊಣಕಾಲವರೆಗೆ ಮಣ್ಣಲ್ಲಿ ಹೂತು ನೀರು ಹಾಕಿದವರು. ಇಂಥವರು ಹಕ್ಕಿಗಳ ವಲಸೆಯ ಪಾಠ ಮಾಡಿದರೆ ಏನಾಗಬೇಡ?

ಈ ಪಾಠಕ್ಕೆ ಕಾರಣ ಕುರಿ ಸಾಕುವವರ ಮನೆಯ ಐದು ವರ್ಷದ ಹುಡುಗಿ. ಮಳೆ ಹಿಡಿಯುವ ಮೊದಲು ಅವಳ ಮನೆಯವರು ಕುರಿ ಹೊಡೆದುಕೊಂಡು ಬಯಲುಸೀಮೆಗೆ ಹೊರಡುತ್ತಾರೆ. ಈ ಸಲ ಅವಳೂ ಹೋಗಬೇಕು. ಹೋದವರು ವಾಪಸ್ ಬರುವುದಿಲ್ಲ, ನಿನ್ನ ಚಾಪೆ ಮೇಲೆ ಬೇರೆಯವರು ಕೂರುತ್ತಾರೆ ಎಂದು ಯಾರೋ ಹೆದರಿಸಿದ್ದರಂತೆ. ಹುಡುಗಿ ಮಾತು ಬಿಟ್ಟಳು, ಊಟವನ್ನೂ ಅರ್ಧಕ್ಕೆ ಬಿಡತೊಡಗಿದಳು. ಗುಡವಿ ಕೆರೆಯ ಹಕ್ಕಿಗಳು ಎಲ್ಲಿಗೆ ಹೋದರೂ ಮಳೆಗಾಲಕ್ಕೆ ತಪ್ಪದೆ ಬರುತ್ತವೆ ಎಂದು ಅತ್ತೆ ಎಷ್ಟು ಹೇಳಿದರೂ ಅವಳು ನಂಬಲಿಲ್ಲ.

ನಾನು ಶಿಕಾರಿಪುರದಿಂದ ಹೋದ ದಿನವೇ ಅತ್ತೆ ಕಣಕ್ಕೆ ಇಳಿದಿದ್ದರು. ಮಧ್ಯಾಹ್ನದ ಊಟವಾದ ಮೇಲೆ ಹದಿಮೂರು ಮಕ್ಕಳಿಗೂ ರಟ್ಟಿನ ಕೊಕ್ಕು ಕಟ್ಟಿ, ಒಬ್ಬರನ್ನು ಇನ್ನೊಬ್ಬರ ಮನೆಗೆ ವಲಸೆ ಕಳಿಸಿಬಿಟ್ಟರು! ತಟ್ಟೆ ಬಾರಿಸಿದಾಗ ಎಲ್ಲರೂ ವಾಪಸ್ ಬರಬೇಕು. ಮನೆಯವರಿಗೆ ಹೇಳಿದ್ದೀರಾ ಎಂದು ಕೇಳಿದೆ. ಹಕ್ಕಿಗಳೇನು ಹೇಳಿ ಬರುತ್ತವಾ ಎಂದರು.

ಅರ್ಧ ಗಂಟೆಯಲ್ಲಿ ಊರಿಗೆ ಊರೇ ಬೀದಿಗೆ ಬಂತು. ಮಲಗಿದ್ದ ಒಬ್ಬಾಕೆ ಕಣ್ಣು ಬಿಟ್ಟರೆ, ಪಕ್ಕದಲ್ಲಿ ಯಾರದೋ ಕೊಕ್ಕಿನ ಮಗು! ಇನ್ನೊಬ್ಬ ಪೋರ ಹೋದದ್ದು ಎರಡು ಹೊತ್ತು ಲಿಂಗಪೂಜೆ ಮಾಡುವ ಅಂಗಡಿ ಯಜಮಾನರ ಮನೆಗೆ. ಮೊಟ್ಟೆ ಎಂಬ ಮಾತೂ ಹೊಸ್ತಿಲು ದಾಟದ ಆ ನಡುಮನೆಯಲ್ಲಿ ಅವನು ಒಂಟಿ ಕಾಲಲ್ಲಿ ನಿಂತು, ತಾನು ಬೆಳ್ಳಕ್ಕಿ, ಮೀನು ಹಾಕಿ ಎಂದನಂತೆ! ಆ ಮನೆಯ ಅಜ್ಜಿ ಅಲ್ಲೇ ಕುಸಿದು ಕೂತರು. ಯಜಮಾನರು ಏದುಸಿರು ಬಿಡುತ್ತ ಬಂದರು.

"ಏನ್ರೀ ಟೀಚರ್, ಇದು ಪಾಠ ಏನ್ರೀ?"

"ಮೀನು ಕೊಡ್ಲಿಲ್ಲ ತಾನೆ? ಹಂಗಾರೆ ಬೇಗ ವಾಪಸ್ ಬರ್ತದೆ ಬಿಡ್ರೀ," ಎಂದು ಅತ್ತೆ ತಟ್ಟೆ ಬಾರಿಸಿದರು.

ಒಂದೊಂದಾಗಿ ಹನ್ನೆರಡು ಹಕ್ಕಿಗಳು ಬಂದವು. ಆ ಹುಡುಗಿ ಮಾತ್ರ ಬರಲಿಲ್ಲ. ಕಳಿಸಿದ ಮನೆಗೆ ಅವಳು ಹೋಗಿಯೇ ಇರಲಿಲ್ಲ! ಹತ್ತಿರದಲ್ಲೇ ಕೆರೆ. ಅತ್ತೆ ಚಪ್ಪಲಿಯನ್ನೂ ಮೆಟ್ಟದೆ ಓಡಿದರು. ನಾನೂ ಹಿಂದೆಯೇ ಓಡಿದೆ. ಎಲ್ಲೂ ಕಾಣದೆ ಅತ್ತೆ ತಿರುಗಿ ಬಂದು ಅಂಗನವಾಡಿಯ ಬಾಗಿಲು ಎಳೆದರೆ, ಅದರ ಹಿಂದೆ ಚಾಪೆ ಹಾಸಿಕೊಂಡು ಹುಡುಗಿ ಕೂತಿದ್ದಳು.

"ನೀನು ಹೋಗ್ಲೇ ಇಲ್ಲೇನೇ?"

ಕೊಕ್ಕು ಸರಿಸಿ, ಎಷ್ಟೋ ದಿನಗಳ ಮೇಲೆ ಅವಳು ಬಾಯಿ ಬಿಟ್ಟಳು. "ವಾಪಸ್ ಬರ್ತಾರಾ ಅಂತ ನೋಡ್ತಾ ಇದ್ದೆ ಟೀಚರ್. ಎಲ್ಲಾರೂ ಬಂದ್ರು. ಹಂಗಾರೆ ನಾನೂ ಹೋಗಿ ಬರ್ತೀನಿ."

ಬೈಯಲು ಬಂದಿದ್ದ ಯಜಮಾನರು ಹೆಗಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಹುಡುಗಿ ಹೊರಡಲು ತಯಾರಾಗಿದ್ದಳು. ಅವಳನ್ನು ಅವಚಿಕೊಂಡು, ಕೈ ಬಿಡಲಾಗದೆ ಕೂತವರು ನಮ್ಮತ್ತೆ.