ಕಾಲು ಹಿಡಿದ ಸನ್ಯಾಸಿ

ಪಶುವೈದ್ಯ ಕಚೇರಿಯ ಆವರಣದಲ್ಲಿ ಯಾರೂ ಯಾರ ಕಾಲನ್ನೂ ಹಿಡಿದು ಮೇಲೇರತಕ್ಕದ್ದಲ್ಲ. ಬಡ್ತಿಯ ಸಂಬಂಧವಾಗಿ ಹೊರಟ ಈ ನಿಯಮ ಬಾಗಿಲ ಮೇಲೆ ತೂಗುತ್ತಿತ್ತು. ಅದನ್ನು ಉಲ್ಲಂಘಿಸಿ ನೋಟಿಸು ಪಡೆದ ಮೊದಲಿಗ, ಕಚೇರಿಯ ಕಾವಲು ನಾಯಿ.

ನಾಯಿಯ ಹೆಸರು ಸನ್ಯಾಸಿ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ದಿನ ಇಟ್ಟದ್ದು. ಅದು ಹಿಡಿದದ್ದು ಮೇಲಧಿಕಾರಿಯ ಎಡಗಾಲು, ಅದೂ ತಪಾಸಣೆಗೆ ಬಂದವರ ಕಣ್ಣೆದುರೇ.

ಮೇಲಧಿಕಾರಿ ಹಿರಿಯ ಡಾಕ್ಟರನ್ನು ಕರೆಸಿದರು. "ಏನ್ರೀ, ಅರ್ಧಂಬರ್ಧ ಕೆಲಸ ಮಾಡಿದ್ದೀರಲ್ಲ! ಇದಕ್ಕಿನ್ನೂ ಆಸೆ ಹೋಗಿಲ್ಲ."

"ಆಸೆ ಅಲ್ಲ ಸರ್, ಗಾಬರಿ. ಜನ ಸೇರಿದ್ರೆ, ಗದ್ದಲ ಆದ್ರೆ ಸಿಕ್ಕಿದ್ದನ್ನ ತಬ್ಕೊಳ್ಳುತ್ತೆ. ಆಪರೇಷನ್ ಆದ ನಾಯಿಗಳಲ್ಲೂ ಇದು ಇದ್ದದ್ದೇ. ಬೈಬಾರದು, ನಗಬಾರದು. ದಿನಾ ಚೆನ್ನಾಗಿ ಓಡಾಡಿಸಿ, ಹತ್ತೋಕೆ ಮುಂಚೆನೇ ಕರೆದು ಕೂರಿಸಿ, ಕೂತ್ರೆ ಬಿಸ್ಕತ್ತು ಕೊಡಬೇಕು."

"ಬಿಸ್ಕತ್ತು ಹಾಕಿ ಸಾಕೋಕೆ ಅದೇನು ನಮ್ಮ ಗುಮಾಸ್ತಾನಾ? ಇನ್ನೊಂದ್ಸಲ ಆಪರೇಷನ್ ಮಾಡಿ."

"ತೆಗೆಯೋಕೆ ಏನೂ ಉಳಿದಿಲ್ಲ ಸರ್."

"ಉಳಿದಿಲ್ಲ ಅಂತ ಆದೇಶ ನಿಲ್ಲುತ್ತೇನ್ರೀ?"

ಡಾಕ್ಟರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಆಗ ಕಿರಿಯ ಡಾಕ್ಟರು ಮೇಲಧಿಕಾರಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಬಂದಾಗ ಅವರ ಮೊಣಕಾಲಿಗೆ ಧೂಳು ಮೆತ್ತಿತ್ತು; ಹಿರಿಯರಿಗೆ ಬರಬೇಕಿದ್ದ ಬಡ್ತಿ ಅವರಿಗೆ ದಕ್ಕಿತ್ತು. ಆದೇಶವೂ ಹೊರಬಿತ್ತು: ಬಡ್ತಿ ಪಡೆದವರ ಸನ್ಮಾನ ಸಮಾರಂಭದಲ್ಲಿ ಸದರಿ ನಾಯಿ ಪುನಃ ಕಾಲು ಹಿಡಿದಲ್ಲಿ ಮರುದಿನವೇ ಶಸ್ತ್ರಚಿಕಿತ್ಸೆ ನಡೆಸತಕ್ಕದ್ದು, ಏನನ್ನು ತೆಗೆಯಬೇಕೆಂಬುದನ್ನು ಸ್ಥಳದಲ್ಲೇ ತೀರ್ಮಾನಿಸತಕ್ಕದ್ದು.

ಹಿರಿಯ ಡಾಕ್ಟರು ದಿನವೂ ಕಚೇರಿ ತೆರೆಯುವ ಮುಂಚೆ ಸನ್ಯಾಸಿಯನ್ನು ಸುತ್ತಾಡಿಸಿದರು. ಜೇಬಿನಲ್ಲಿ ಬಿಸ್ಕತ್ತು, ಬಾಯಲ್ಲಿ ಒಂದೇ ಮಾತು: "ಕೂತ್ಕೋ ಮರಿ."

ಸಮಾರಂಭದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಹಾರದ ಭಾರಕ್ಕೆ ಕಿರಿಯ ಡಾಕ್ಟರ ಕತ್ತು ಬಾಗಿತ್ತು. ಸಿಬ್ಬಂದಿಯೆಲ್ಲ ನಾ ಮುಂದು ತಾ ಮುಂದು ಎಂದು ಅವರ ಕಾಲಿಗೆ ಮುಗಿಬಿದ್ದರು. ನೂಕಾಟದಲ್ಲಿ ಶಿರಸ್ತೇದಾರರು ಟೈಪಿಸ್ಟರ ಬೆನ್ನೇರಿದರು, ಅವರ ಬೆನ್ನನ್ನು ಕೋಶಾಧಿಕಾರಿ ಏರಿದರು.

"ಶಿಸ್ತು ಅಂದ್ರೆ ಇದು!" ಎಂದು ಮೇಲಧಿಕಾರಿ ಮೈಕಿನಲ್ಲಿ ಸಂತೋಷಪಟ್ಟರು.

ಗದ್ದಲಕ್ಕೆ ಸನ್ಯಾಸಿ ನಡುಗಿತು. ಗುಂಪಿನ ಕಡೆ ನಾಲ್ಕು ಹೆಜ್ಜೆ ನುಗ್ಗಿತು. ಹಿರಿಯ ಡಾಕ್ಟರು ಜೇಬಿಗೆ ಕೈ ಹಾಕಿದರು.

"ಕೂತ್ಕೋ ಮರಿ."

ಸನ್ಯಾಸಿ ನಿಂತಿತು. ಹೊಸ ಸಾಹೇಬರ ಕಾಲುಗಳನ್ನು ನೋಡಿತು. ಅಲ್ಲಿ ಜಾಗವೂ ಇರಲಿಲ್ಲ.

"ನೋಡ್ರೀ, ಕಾಲು ಹಿಡೀದೆ ನಿಂತಿದೆ! ದೊಡ್ಡೋರು ಚಿಕ್ಕೋರು ಅನ್ನೋ ಮರ್ಯಾದೆ ಬೇಡ್ವಾ ಇದಕ್ಕೆ!" ಎಂದರು ಮೇಲಧಿಕಾರಿ. ಹೌದು ಹೌದು ಎಂದಿತು ಸಭೆ.

ಸನ್ಯಾಸಿ ಹಿಂದಿರುಗಿ, ನಿಯಮ ತೂಗುತ್ತಿದ್ದ ಬಾಗಿಲ ಕೆಳಗೆ ಕೂತಿತು.