ಮನೆಯ ಗಾಲಿ, ದಾರಿಯ ಗಾಲಿ

“ಯಾರೂ ಮುಟ್ಟಬ್ಯಾಡ್ರಿ! ಜೋರಾಗಿ ಉಸಿರು ಸೈತ ಬಿಡಬ್ಯಾಡ್ರಿ!”

ರಾಚಪ್ಪ ಕಾಕಾ ಪಡಸಾಲೆಯ ನಡುವೆ ನಿಂತು ಚಾದರದ ತುದಿ ಹಿಡಿದು ಎಳೆದರು. ಕೆಳಗೆ ಮೂರು ಗಾಲಿಗಳು ಹೊಳೆದವು. ಎರಡು ಕಪ್ಪಗೆ ಮಿರಮಿರ ಮಿಂಚುವ ಹೊಸ ಕಾರ್ಬನ್ ಗಾಲಿಗಳು. ಮೂರನೆಯದು ಹಳೆಯ ಅಲ್ಯುಮಿನಿಯಂ ಗಾಲಿ. ಹೊಸದರಲ್ಲಿ ಹಿಂದಿನ ಗಾಲಿಯ ನಡುವಿನ ಹಬ್‌ಗೂ ಹಳೆಯದರ ಹಬ್‌ಗೂ ನಿಂಬೆಹಣ್ಣಿನ ಗಾತ್ರದ ಒಂದೊಂದು ಹಿತ್ತಾಳೆ ಡಬ್ಬಿ ಅಂಟಿಕೊಂಡಿತ್ತು.

ದಾನಮ್ಮ ಮುಂದೆ ಬಂದು ಡಬ್ಬಿಗಳತ್ತ ಬೆರಳು ತೋರಿಸಿದಳು.

“ಕಾಕಾ! ನೀವು ಎಣ್ಣಿ ಬಿಡ್ತೀನಂತ ಹೇಳಿ ಒಯ್ದದ್ದಲ್ಲೇನ್ರಿ?”

“ಎಣ್ಣೀನೂ ಬಿಟ್ಟೀನಿ,” ಎಂದರು ಕಾಕಾ.

ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಿಂದ ನಿವೃತ್ತರಾದ ದಿನದಿಂದ ವಿಜಯಪುರದ ಆ ಓಣಿಗೆ ರಾಚಪ್ಪ ಕಾಕಾ ಅಂದರೆ ಭಯ, ಭಕ್ತಿ ಎರಡೂ ಇದ್ದವು. ಅವರ ರೊಟ್ಟಿ ಬಡಿಯುವ ಯಂತ್ರ ಬಡಿದ ರೊಟ್ಟಿಗಳು ಜಂತಿಗೆ ಹೋಗಿ ಅಂಟಿದ್ದವು. ತಾನೇ ಅಂಗಳ ಗುಡಿಸುವ ಪೊರಕೆ ಎದುರು ಮನೆಯ ಎಮ್ಮೆಯನ್ನು ಬಸ್ ಸ್ಟ್ಯಾಂಡಿನವರೆಗೆ ಅಟ್ಟಿಸಿಕೊಂಡು ಹೋಗಿತ್ತು. ಅಂಥವರ ಕೈಗೆ ತನ್ನ ಗಾಲಿ ಕೊಟ್ಟದ್ದು ತಪ್ಪೆಂದು ದಾನಮ್ಮನಿಗೆ ಈಗ ಅನ್ನಿಸಿ ಏನು ಪ್ರಯೋಜನ?

ಆ ಗಾಲಿಗಳನ್ನು ಆರಿಸಲು ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ಸೈಕಲ್ ರೇಸಿನ ಸಲುವಾಗಿಯೇ ತಾಳಿಕೋಟೆಯಿಂದ ಬಂದು ಕಾಕಾನ ಮನೆಯಲ್ಲಿ ಉಳಿದ ಹುಡುಗಿ ಅವಳು. ಹೋದ ವರ್ಷ ರಾಜ್ಯದ ತಂಡಕ್ಕೆ ಆಯ್ಕೆ ನಡೆದಾಗ ಕಣ್ಣು ಮಿಟುಕಿಸುವಷ್ಟು ಅಂತರದಲ್ಲಿ ಅವಕಾಶ ತಪ್ಪಿತ್ತು. ಅವಳ ವಯಸ್ಸಿನ ವಿಭಾಗದಲ್ಲಿ ಇದೇ ಕೊನೆಯ ವರ್ಷ. ಅದಕ್ಕೇ ಈ ಸಲ ಹೊಸ ಗಾಲಿ. ಎತ್ತರ ರಿಮ್ಮಿನ ಗಾಲಿ ನೆಟ್ಟಗೆ ಹೋಗುವಾಗ ಬಾಣದಂತೆ ಹೋಗುತ್ತದೆ. ಆದರೆ ಬಯಲಿನ ಅಡ್ಡಗಾಳಿ ಬೀಸಿತೆಂದರೆ ಹಾಯಿ ಕಟ್ಟಿದ ಹಾಗೆ ಹೊಲದ ಕಡೆ ಎಳೆಯುತ್ತದೆ. ಗಿಡ್ಡ ರಿಮ್ಮಿನದು ಏರಿಗೆ ಒಳ್ಳೆಯದು, ಆದರೆ ಆಯ್ಕೆ ನಡೆಯುವ ತೊರವಿ ರಸ್ತೆಯಲ್ಲಿ ಏರು ಎಲ್ಲಿಂದ ಬರಬೇಕು? ಎರಡನ್ನೂ ಓಡಿಸಿ ನೋಡಿ, ಕೋಚ್ ಮುಜಾವರ್ ಸರ್ ಜೊತೆ ವಾದ ಮಾಡಿ, ಕೊನೆಗೆ ಮಧ್ಯಮ ಎತ್ತರದ್ದನ್ನು ಆರಿಸಿದ್ದಳು. ಮನೆಯೊಳಗಿನ ಅಭ್ಯಾಸಕ್ಕೆ ಹಳೆಯ ಗಾಲಿಯೇ ಸಾಕು, ಸೈಕಲ್ಲನ್ನು ನಿಂತಲ್ಲೇ ತುಳಿಯುವ ಟ್ರೇನರ್ ಸ್ಟ್ಯಾಂಡಿನ ಉರುಳೆ ಟಾಯರನ್ನು ತಿಂದು ಹಾಕುತ್ತದೆ, ಹೊಸದನ್ನು ಯಾಕೆ ಸವೆಸಬೇಕು ಎಂಬುದು ಅವಳ ಲೆಕ್ಕ.

“ಈ ಎರಡೂ ಡಬ್ಬಿ ಅಕ್ಕತಂಗಿ ಇದ್ದಂಗ,” ಎಂದು ಕಾಕಾ ವಿವರಿಸತೊಡಗಿದರು. “ದಾರಿ ಮ್ಯಾಲಿನ ಗಾಲಿಗೆ ಏನಾಗ್ತೈತಿ, ಮನ್ಯಾಗಿನ ಗಾಲಿಗೂ ಅದ ಆಗ್ತೈತಿ. ತಗ್ಗು, ದಿಬ್ಬ, ಎದುರುಗಾಳಿ ಎಲ್ಲಾ! ಮನ್ಯಾಗ ಕುಂತು ತೊರವಿ ರಸ್ತಾ ತುಳೀಬಹುದು!”

ಮನೆಯ ಗಾಲಿಯನ್ನು ತಮ್ಮ ಹಳೆಯ ಸೈಕಲ್ಲಿಗೆ ಹಾಕಿ ಟ್ರೇನರ್ ಸ್ಟ್ಯಾಂಡಿನ ಮೇಲೆ ಖಾಯಂ ಕೂರಿಸಿದ್ದರು. ದಾನಮ್ಮನನ್ನು ಅದರ ಮೇಲೆ ಹತ್ತಿಸಿ, ಅವಳ ರೇಸ್ ಸೈಕಲ್ ಏರಿ ತಾವು ಓಣಿಗೆ ಹೊರಟರು. ಸ್ವಲ್ಪ ಹೊತ್ತಿಗೆ ದಾನಮ್ಮನ ಕಾಲಡಿಯ ಪೆಡಲು ಬಿಗಿಯಾಯಿತು. ಧಡ್! ಅದು ನೀರಿನ ಟಾಕಿಯ ಹತ್ತಿರದ ಹಂಪು. ಗರಗರ! ಅದು ಅಗೆದು ಬಿಟ್ಟ ಗಟಾರದ ಮಗ್ಗುಲು. ಆಮೇಲೆ ಪೆಡಲು ಇದ್ದಕ್ಕಿದ್ದಂತೆ ಹುಚ್ಚು ಹಿಡಿದಂತೆ ತಿರುಗಿತು. ಹೊರಗಿನಿಂದ ನಾಯಿ ಬೊಗಳುವ ಸದ್ದು, ಹಿಂದೆಯೇ “ಹಚಾ! ಹಚಾ!” ಎಂಬ ಕಾಕಾನ ಕೂಗು ಕೇಳಿಸಿದವು.

“ಹೆಂಗೈತಿ?” ಎಂದು ಏದುಸಿರು ಬಿಡುತ್ತ ಒಳಗೆ ಬಂದರು ಕಾಕಾ.

ಅವರ ಹೆಂಡತಿ ನಿಂಬೆವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ಅಂದ್ರ ಆಕಿ ಮನ್ಯಾಗ ತುಳೀಬೇಕಂದ್ರ ನೀವು ಬಿಸಲಾಗ ತಿರಗಬೇಕು. ಹೌದಿಲ್ಲೋ?”

“ಹೌದು.”

“ಹಂಗಿದ್ರ ಆಕೀನ ಹೊರಗ ಹೋಗಿ ತುಳದ್ರ ಏನಾಗ್ತಿತ್ರಿ?”

ಕಾಕಾ ಬೆವರು ಒರೆಸಿಕೊಂಡರು. “ವಿಜ್ಞಾನದಾಗ ಇಂಥಾ ಪ್ರಶ್ನಿ ಕೇಳಬಾರದು!”

“ಡಾಕ್ಟರು ನನ್ನ ಮೊಣಕಾಲಿಗೆ ದಿನಾ ಸೈಕಲ್ ತುಳೀರಿ ಅಂದಾರ, ಅದಕ್ಕರ ಕೊಡ್ರಿ ಇದನ್ನ.”

“ಇದು ಯಂತ್ರ! ನಿನ್ನ ಮೊಣಕಾಲಿನ ಔಷಧ ಅಲ್ಲ!”

ದಾನಮ್ಮನಿಗೆ ಈ ಜಗಳದ ಕಡೆ ಲಕ್ಷ್ಯವಿರಲಿಲ್ಲ. “ಕಾಕಾ, ರೇಸಿನ ಗಾಲ್ಯಾಗ ಯಂತ್ರ ಇದ್ರ ನನ್ನ ಹೊರಗ ಹಾಕ್ತಾರ್ರಿ. ಈಗಿಂದೀಗ ಬಿಚ್ಚರಿ.”

“ಬಿಚ್ಚಿದ್ರ ಹಬ್ ಒಡೀತೈತವ್ವ. ಆಯ್ಕಿ ದಿನ ಬಂದ್ ಮಾಡ್ತೀನಿ. ಬಂದ್ ಇದ್ದ ಡಬ್ಬಿ ಬರೇ ಹಿತ್ತಾಳಿ ತುಂಡು. ನನ್ನ ಮ್ಯಾಲ ನಂಬಿಕಿ ಇಲ್ಲೇನು?”

ಇರಲಿಲ್ಲ. ಆದರೆ ಬೇರೆ ಹೊಸ ಗಾಲಿ ತರಲು ಹೊತ್ತೂ ಇರಲಿಲ್ಲ.

ಆಯ್ಕೆಯ ದಿನ ಬೆಳಿಗ್ಗೆ ಕಾಕಾ ಅವಳ ಕಣ್ಣೆದುರೇ ಡಬ್ಬಿಯ ಗುಂಡಿ ತಿರುಗಿಸಿದರು. ಗುಂಡಿ ತಿರುಗಿದ್ದು ನಿಜ. ಆದರೆ ಯಂತ್ರ ಬಂದ್ ಆಗುವ ಬದಲು ಹಿಂದುಮುಂದಾಗಿತ್ತು. ಇನ್ನು ಮೇಲೆ ಮನೆಯ ಗಾಲಿಗೆ ಆದದ್ದು ದಾರಿಯ ಗಾಲಿಗೆ ಆಗಬೇಕು! ಇದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ, ಕಂಡುಹಿಡಿದವರಿಗೂ.

ಒಬ್ಬೊಬ್ಬರನ್ನೇ ಬಿಟ್ಟು ವೇಳೆ ನೋಡುವ ಸ್ಪರ್ಧೆ ಅದು. ಬಯಲಿನ ಕೊನೆಯ ತಿರುವಿನವರೆಗೆ ಹೋಗಿ, ಅದೇ ದಾರಿಯಲ್ಲಿ ಮರಳಿ ಬರಬೇಕು. ಕಡಿಮೆ ವೇಳೆ ತೆಗೆದುಕೊಂಡ ಇಬ್ಬರಿಗೆ ತಂಡದಲ್ಲಿ ಜಾಗ. ದಾನಮ್ಮನ ನಂತರದ ಸರದಿ ಜಮಖಂಡಿಯ ಬನಶಂಕರಿಯದು. ಹೋದ ವರ್ಷ ದಾನಮ್ಮನ ಜಾಗ ತೆಗೆದುಕೊಂಡವಳು ಅವಳೇ.

ಸೀಟಿ ಊದಿದರು. ದಾನಮ್ಮ ಹೊರಟಳು. ಗಾಲಿಗಳು ಗಾಳಿಯನ್ನು ಸೀಳಿಕೊಂಡು ಹೋದವು. ಅಡ್ಡಗಾಳಿ ಬಂದರೂ ಸೈಕಲ್ ಅಲ್ಲಾಡಲಿಲ್ಲ. ಆರಿಸಿದ್ದು ಸರಿಯಾಗಿದೆ ಎಂದು ಅವಳ ಮೈ ಹಗುರಾಗುವಷ್ಟರಲ್ಲಿ, ಯಾರೋ ಹಿಂದಿನಿಂದ ಹಿಡಿದು ಜಗ್ಗಿದಂತಾಯಿತು.

ಪೆಡಲು ಕಲ್ಲಾಯಿತು. ಬ್ರೇಕ್ ಹಿಡಿದಿದೆಯೇ ಎಂದು ಬಗ್ಗಿ ನೋಡಿದಳು. ಇಲ್ಲ. ಟಾಯರ್ ಇಳಿದಿದೆಯೇ? ಇಲ್ಲ. ತೊಡೆ ಉರಿಯತೊಡಗಿತು, ಬೆವರು ಕಣ್ಣಿಗಿಳಿಯಿತು, ಆದರೂ ಸೈಕಲ್ ಎತ್ತಿನ ಗಾಡಿಯ ಹಾಗೆ ತೆವಳಿತು. ಸರ್ರನೆ ಬನಶಂಕರಿ ಪಕ್ಕದಿಂದ ದಾಟಿ ಹೋದಳು. ಅವಳ ಬೆನ್ನು ಚಿಕ್ಕದಾಗುತ್ತ ಹೋದದ್ದನ್ನು ನೋಡಿ ದಾನಮ್ಮನಿಗೆ ಅಳು ಬಂತು. ಅತ್ತರೆ ಉಸಿರು ತಪ್ಪುತ್ತದೆಂದು ನುಂಗಿಕೊಂಡಳು.

ಮನೆಯಲ್ಲಿ ಆಗ ಏನಾಗಿತ್ತೆಂಬುದು ಅವಳಿಗೆ ಆಮೇಲೆ ತಿಳಿಯಿತು. ನಿಂಬೆವ್ವ ದೊಡ್ಡ ಕೌದಿಯನ್ನು ಒಗೆದು, ನೀರು ಸೋರಲೆಂದು ಟ್ರೇನರ್ ಸ್ಟ್ಯಾಂಡಿನ ಸೈಕಲ್ಲಿನ ಮೇಲೆ ಹರವಿದ್ದಳು. ಒದ್ದೆ ಕೌದಿ ಗಾಲಿಯನ್ನು ಗಟ್ಟಿಯಾಗಿ ತಬ್ಬಿ ಕೂತಿತ್ತು!

ದಾನಮ್ಮ ಹೇಗೋ ತಿರುವು ಮುಟ್ಟಿದಳು. ಅತ್ತ ನಿಂಬೆವ್ವ ಕೌದಿಯನ್ನು ಬಿಸಿಲಿಗೆ ಒಯ್ದಳು. ಇತ್ತ ಗಾಲಿ ತಟ್ಟನೆ ಹಗುರಾಯಿತು. ದಾನಮ್ಮ ಇದ್ದಬದ್ದ ಶಕ್ತಿಯನ್ನೆಲ್ಲ ಕಾಲಿಗೆ ಹಾಕಿದಳು. ಇನ್ನೂ ಅವಕಾಶ ಇತ್ತು. ಕಷ್ಟ, ಆದರೆ ಇತ್ತು.

ಆಗ ಗಾಲಿ ತಾನೇ ಓಡತೊಡಗಿತು.

ಮೊದಲು ಹಿಂದಿನಿಂದ ಗಾಳಿ ಬಂದಿತೆಂದುಕೊಂಡಳು. ಆದರೆ ರಸ್ತೆ ಬದಿಯ ಜೋಳದ ತೆನೆಗಳು ಅವಳ ಕಡೆಗೇ ವಾಲಿದ್ದವು. ಅಂದರೆ ಎದುರುಗಾಳಿ! ಕಾಲು ನಿಲ್ಲಿಸಿ ನೋಡಿದಳು. ಸೈಕಲ್ ನಿಲ್ಲಲಿಲ್ಲ, ಇನ್ನೂ ಜೋರಾಯಿತು. ಅದರ ಓಟಕ್ಕೊಂದು ತಾಳವಿತ್ತು. ತಟತಟ ತಟತಟ, ತುಸು ತಡೆ. ಮತ್ತೆ ತಟತಟ ತಟತಟ, ತುಸು ತಡೆ. ಈ ತಾಳವನ್ನು ಎಲ್ಲಿ ಕೇಳಿದ್ದೇನೆ?

ದಿನಾ ಬೆಳಿಗ್ಗೆ ಅಡುಗೆಮನೆಯಲ್ಲಿ! ರೊಟ್ಟಿ ಬಡಿಯುವ ತಾಳ!

“ಅಯ್ಯ ಶಿವನ! ಚಿಗವ್ವ!” ಎಂದು ದಾನಮ್ಮ ಚೀರಿದಳು.

ಗಂಡ ಸ್ಪರ್ಧೆಗೆ ಹೋದ ಸಮಯ ನೋಡಿ ನಿಂಬೆವ್ವ ಮನೆಯಲ್ಲಿ ಮೊಣಕಾಲಿನ ಔಷಧ ಶುರು ಮಾಡಿದ್ದಳು.

ಬನಶಂಕರಿಯ ಬೆನ್ನು ಹತ್ತಿರವಾಯಿತು, ಪಕ್ಕಕ್ಕೆ ಬಂತು. ಬನಶಂಕರಿ ತಿರುಗಿ ನೋಡಿದಳು. ಒಣಗಿ ಒಡೆದ ತುಟಿ, ಕೆಂಪಾದ ಕಣ್ಣು. ಆ ಕಣ್ಣು ದಾನಮ್ಮನ ಮುಖದಿಂದ ಅಲ್ಲಾಡದೆ ನಿಂತ ಅವಳ ಕಾಲಿಗೆ ಇಳಿಯಿತು. ದಾನಮ್ಮ ಗಾಬರಿಯಲ್ಲಿ ಸುಳ್ಳೇ ಪೆಡಲು ತಿರುಗಿಸಿದಳು. ದಾಟಿಯೂ ಹೋದಳು.

ಮುಂದೆ ರಸ್ತೆ ಖಾಲಿ. ನೋಡುವವರು ಯಾರೂ ಇಲ್ಲ. ಮುಜಾವರ್ ಸರ್ ಜೀಪು ಎಲ್ಲೋ ಹಿಂದೆ ಧೂಳೆಬ್ಬಿಸಿಕೊಂಡು ಬರುತ್ತಿತ್ತು. ಸುಮ್ಮನೆ ಕೂತರೂ ಗೆಲುವು. ಹೋಗುವಾಗ ಕಸಿದುಕೊಂಡದ್ದನ್ನು ಗಾಲಿ ಮರಳಿ ಕೊಡುತ್ತಿದೆ, ಇದರಲ್ಲೇನು ತಪ್ಪು ಎಂದು ಮನಸ್ಸು ಪಿಸುಗುಟ್ಟಿತು. ಒಂದು ಮೈಲುಗಲ್ಲು ದಾಟುವವರೆಗೂ ಅವಳು ಆ ಮಾತನ್ನು ಕೇಳಿಕೊಂಡೇ ಹೋದಳು. ಆಮೇಲೆ ಬನಶಂಕರಿಯ ಆ ಒಡೆದ ತುಟಿ ನೆನಪಾಯಿತು. ಅವಳ ನಾಲಿಗೆ ತಾನಾಗಿಯೇ ಅವಳ ತುಟಿಯನ್ನು ಮುಟ್ಟಿ ನೋಡಿತು. ಹಸಿಯಾಗಿತ್ತು.

ಬ್ರೇಕ್ ಹಿಡಿದಳು.

ಜಗ್ಗಾಟ ಅತ್ತಲೂ ಮುಟ್ಟಿ ಮನೆಯಲ್ಲಿ ಪೆಡಲು ಭಾರವಾಯಿತು. ಭಾರವಾದರೆ ಬಿಡುವ ಹೆಂಗಸೇ ನಿಂಬೆವ್ವ? “ನನ್ನ ಕೂಡ ಹಟಾ ಮಾಡ್ತೀ?” ಎಂದು ಸೈಕಲ್ಲಿಗೇ ಬೈದು, ಸೀರೆ ಸಿಕ್ಕಿಸಿ ಎದ್ದುನಿಂತು ತುಳಿದಳಂತೆ. ಇಲ್ಲಿ ಬ್ರೇಕಿನ ರಬ್ಬರು ಸುಟ್ಟ ವಾಸನೆ ಎದ್ದಿತು. ದಾನಮ್ಮ ಎರಡೂ ಕೈಯಿಂದ ಬ್ರೇಕ್ ಅದುಮಿದಳು, ಕಾಲನ್ನು ನೆಲಕ್ಕೊತ್ತಿದಳು, ಕೊನೆಗೆ ರಸ್ತೆ ಬದಿಯ ಮಣ್ಣಿಗೆ ನುಗ್ಗಿಸಿ ನಿಲ್ಲಿಸಿದಳು. ನಿಂತಲ್ಲೇ ಗಾಲಿ ಕೋಳಿಯ ಹಾಗೆ ಮಣ್ಣು ಕೆರೆಯಿತು.

ಜೀಪು ಬಂದು ನಿಂತಿತು. ಮುಜಾವರ್ ಸರ್ ಜಿಗಿದರು. “ಪಂಚರ್ ಏನು?”

“ಅಲ್ರಿ ಸರ್. ಗಾಲ್ಯಾಗ ನಮ್ಮ ಚಿಗವ್ವ ಅದಾಳ್ರಿ!”

ಸರ್ ಬಾಟಲಿ ತೆಗೆದು ಅವಳ ತಲೆಯ ಮೇಲೆ ನೀರು ಸುರಿದರು.

“ಬಿಸಲಿಂದಲ್ರಿ ಸರ್! ಖರೇನ ಹೇಳಾಕತ್ತೀನಿ! ಬ್ಯಾರೆ ಗಾಲಿ ಕೊಡ್ರಿ, ಯಾವದರ ಕೊಡ್ರಿ!”

ಜೀಪಿನಲ್ಲಿದ್ದದ್ದು ಅಭ್ಯಾಸದ ಸಾದಾ ಗಾಲಿ. ಬನಶಂಕರಿ ಮತ್ತೊಮ್ಮೆ ದಾಟಿ ಹೋಗುತ್ತಿರುವಾಗ ದಾನಮ್ಮ ಗಾಲಿ ಬದಲಿಸಿದಳು. ಕಾರ್ಬನ್ ಗಾಲಿಯನ್ನು ಜೀಪಿನ ಹಿಂಭಾಗದೊಳಗೆ ಒಗೆದು ಹೊರಟಳು. ಗಾಲಿ ಭಾರವಿತ್ತು, ಕಿರಗುಟ್ಟುತ್ತಿತ್ತು, ಆದರೆ ತುಳಿದಷ್ಟೇ ಹೋಗುತ್ತಿತ್ತು. ಅವಳಿಗೆ ಅಷ್ಟು ಸಾಕಾಗಿತ್ತು.

ಹಿಂದಿನಿಂದ “ಹಿಡೀರಿ! ಹಿಡೀರಿ!” ಎಂಬ ಕೂಗು ಕೇಳಿತು. ತಿರುಗುವಷ್ಟರಲ್ಲಿ ಜೀಪಿನಿಂದ ಹಾರಿದ ಕಾರ್ಬನ್ ಗಾಲಿ, ಒಂಟಿಯಾಗಿ, ನೆಟ್ಟಗೆ ನಿಂತು, ತಟತಟ ತಟತಟ ಎಂದು ಅವಳನ್ನು ದಾಟಿ ಹೋಯಿತು! ಮುಂದೆ ಬನಶಂಕರಿಯನ್ನೂ ದಾಟಿತು. ಬನಶಂಕರಿ ಹೆದರಿ ಇನ್ನೂ ಜೋರಾಗಿ ತುಳಿದಳು.

ದಾನಮ್ಮ ಗೆರೆ ಮುಟ್ಟಿದಾಗ ಅಲ್ಲಿ ಸಂತೆಯ ಗದ್ದಲ. ಗಾಲಿ ಇವರಿಬ್ಬರಿಗಿಂತ ಮೊದಲು ಗೆರೆ ದಾಟಿ, ಚಹಾದಂಗಡಿಗೆ ಒಂದು ಸುತ್ತು ಹಾಕಿ, ಮನೆಯಲ್ಲಿ ಹಾಲು ಉಕ್ಕಿ ನಿಂಬೆವ್ವ ಕೆಳಗಿಳಿದ ಗಳಿಗೆಗೆ ಸುಮ್ಮನೆ ಮಗ್ಗುಲಾಗಿತ್ತು. ವೇಳೆ ನೋಡುವವನು ರೂಢಿಬಲದಿಂದ ಅದಕ್ಕೂ ಗಡಿಯಾರ ಒತ್ತಿಬಿಟ್ಟಿದ್ದ.

ದಾನಮ್ಮ ಸೀದಾ ಮುಖ್ಯ ತೀರ್ಪುಗಾರ ಹಿಪ್ಪರಗಿ ಸಾಹೇಬರ ಮುಂದೆ ನಿಂತಳು. “ಸರ್, ನನ್ನ ವೇಳೆ ಹಿಡೀಬ್ಯಾಡ್ರಿ. ಅರ್ಧ ದಾರಿ ನನ್ನ ದಬ್ಬಿದ್ರು.”

“ಯಾರು?”

“ಚಿಗವ್ವ.”

“ಎಲ್ಲದಾರ?”

“ಮನ್ಯಾಗ್ರಿ.”

ಸಾಹೇಬರು ನಿಯಮದ ಪುಸ್ತಕವನ್ನು ತಿರುವಿದರು. ಮನೆಯಿಂದ ದಬ್ಬುವ ವಿಚಾರ ಅದರಲ್ಲೆಲ್ಲೂ ಇರಲಿಲ್ಲ. ಆಗ ಕೂತಲ್ಲಿಂದ ಬನಶಂಕರಿ ಎದ್ದಳು. “ಸರ್, ಆಕಿ ಕಾಲು ನಿಂತಿದ್ದು ನಾನೂ ನೋಡೀನ್ರಿ. ಆದ್ರ ಹೋಗಾಗ ಆಕಿ ತಿಣುಕಿದ್ದೂ ನೋಡೀನ್ರಿ. ಇನ್ನೊಮ್ಮಿ ಬಿಡ್ರಿ ಆಕೀನ್ನ.”

ಎಲ್ಲರ ಸರದಿ ಮುಗಿದ ಮೇಲೆ, ಸುಡುವ ಬಿಸಿಲಿನಲ್ಲಿ, ಸೋತ ಕಾಲಿನಿಂದ, ಕಿರಗುಟ್ಟುವ ಸಾದಾ ಗಾಲಿಯ ಮೇಲೆ ದಾನಮ್ಮ ಇಡೀ ದಾರಿಯನ್ನು ಮತ್ತೆ ತುಳಿದಳು. ಕೊನೆಯಲ್ಲಿ ಅವಳಿಗೆ ರಸ್ತೆ ಎರಡೆರಡಾಗಿ ಕಂಡಿತು. ಗೆರೆ ದಾಟಿ ಹುಲ್ಲಿನ ಮೇಲೆ ಬಿದ್ದವಳ ಕಿವಿಗೆ, ಗುಂಪಿನ ಕೂಗಿನ ನಡುವೆ, ಮುಜಾವರ್ ಸರ್ ದನಿ ಕೇಳಿತು. ಬನಶಂಕರಿ ಮೊದಲು. ದಾನಮ್ಮ ಎರಡನೆಯವಳು. ಬನಶಂಕರಿಯೇ ಬಂದು ಅವಳ ಬಾಯಿಗೆ ನೀರು ಹಿಡಿದಳು.

ಇತ್ತ ರಾಚಪ್ಪ ಕಾಕಾ ಗಾಲಿಯನ್ನು ಎದೆಗವಚಿಕೊಂಡು ಹಿಪ್ಪರಗಿ ಸಾಹೇಬರ ಮೇಜು ಗುದ್ದುತ್ತಿದ್ದರು. “ನಿಮ್ಮ ಗಡಿಯಾರದಾಗ ಐತಿ! ಎಲ್ಲಾರಕಿಂತ ಜಲ್ದಿ ಬಂದೈತಿ! ಇದಕ್ಕ ಯಾಕ ಪದಕ ಇಲ್ಲ? ಕಾರಣ ಹೇಳ್ರಿ!”

ಸಾಹೇಬರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಗಾಲಿಯನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದರು.

“ಹೆಲ್ಮೆಟ್ ಹಾಕಿದ್ದಿಲ್ಲ,” ಎಂದರು.