ನನ್ನ ಲಿವರಿನ ಸೋಮವಾರ

ಹೃದಯಕ್ಕಿರುವ ಮರ್ಯಾದೆ ಲಿವರಿಗಿಲ್ಲ. ಹೃದಯ ಕೆಟ್ಟರೆ ಜನ ಹಣ್ಣು ಹಿಡಿದುಕೊಂಡು ನೋಡಲು ಬರುತ್ತಾರೆ. ಲಿವರ್ ಕೆಟ್ಟಿತೆಂದರೆ ಮೊದಲು ಬಾಯಿ ಮೂಸುತ್ತಾರೆ. ಜೇವರ್ಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಈವರೆಗೆ ಬಾಯಿಗೆ ಹಾಕಿದ ಅತಿ ಅಮಲಿನ ಪದಾರ್ಥವೆಂದರೆ ಕೆಮ್ಮಿನ ಔಷಧ. ಆದರೂ ಸ್ಕ್ಯಾನಿಂಗಿನಲ್ಲಿ ಲಿವರಿಗೆ ಕೊಬ್ಬು ಕೂತಿದೆ ಎಂದು ಬಂದ ದಿನವೇ ಪಕ್ಕದ ಮನೆಯ ಶಾಂತಕ್ಕ ಬಾಗಿಲು ಮುಂದೆ ಮಾಡಿ ಕೇಳಿದಳು: "ಖರೇ ಹೇಳ್ರಿ ಟೀಚರ್, ಮನ್ಯಾಗ ಯಾರು ಕುಡೀತಾರ?" ನಾನು ಯಾರೂ ಇಲ್ಲವೆಂದೆ. ಅವಳು ನನ್ನನ್ನು ನಂಬಿದಳು, ನನ್ನ ಗಂಡನನ್ನು ನಂಬಲಿಲ್ಲ. ಸೋಡಾ ಕುಡಿದು ತೇಗು ಬಂದರೂ ನಾಚಿಕೊಳ್ಳುವ ಆ ಮನುಷ್ಯ ವಾರವಿಡೀ ಓಣಿಯಲ್ಲಿ ತಲೆ ತಗ್ಗಿಸಿ ಓಡಾಡಿದರು.

ಕಲಬುರಗಿಯ ಡಾಕ್ಟರಮ್ಮ ಮಾತ್ರ ಬಿಡಿಸಿ ಹೇಳಿದ್ದರು. "ನಿಮಗ ಪಿಸಿಓಡಿ ಅದ. ಇನ್ಸುಲಿನ್ ಬಾಗಿಲು ಬಡೀತದ, ನಿಮ್ಮ ಮೈ ತೆಗೆಯಂಗಿಲ್ಲ. ಅದಕ್ಕ ಮೈ ಇನ್ನಷ್ಟು ಇನ್ಸುಲಿನ್ ಮಾಡ್ತದ. ಅದು ಹೆಚ್ಚಾದ್ರ ಅಂಡಾಶಯದಾಗ ಗಂಡಸರ ಹಾರ್ಮೋನು ಹೆಚ್ಚತದ, ಲಿವರಿನಾಗ ಕೊಬ್ಬು ಕೂಡ್ತದ. ಸಕ್ಕರಿ, ಮೈದಾ, ಪಿಷ್ಟ ಕಮ್ಮಿ ಮಾಡ್ರಿ. ತೂಕ ಇಳೀಲಿ, ಆಮ್ಯಾಲ ಕೂಸಿನ ಗುಳಿಗಿ ವಿಚಾರ ಮಾಡೂಣು." ಮದುವೆಯಾದಾಗಿನಿಂದ ನಾವು ಕಾಯುತ್ತಿದ್ದುದು ಆ ಗುಳಿಗೆಯ ಮಾತಿಗೇ.

ಜೊತೆಗೆ ಬಂದಿದ್ದ ನನ್ನ ಅತ್ತೆಗೆ ಇಷ್ಟರಲ್ಲಿ ಕೇಳಿಸಿದ್ದು 'ಕಮ್ಮಿ' ಎಂಬುದೊಂದೇ. "ಕಮ್ಮಿ ತಿನ್ನೂದಂದ್ರ ಉಪವಾಸನ ಅಲ್ಲೇನ ಬೇ?" ಎಂದವರೇ ಸೋಮವಾರ ಶಿವನಿಗೆ, ಗುರುವಾರ ಗಾಣಗಾಪುರದ ದತ್ತನಿಗೆ, ಶನಿವಾರ ಹನುಮಪ್ಪನಿಗೆ ಎಂದು ನನ್ನ ಲಿವರನ್ನು ಮೂವರಿಗೆ ಹಂಚಿಬಿಟ್ಟರು.

ನಮ್ಮ ಕಡೆ ಉಪವಾಸವೆಂದರೆ ಅನ್ನ, ರೊಟ್ಟಿ ಮುಟ್ಟಬಾರದು ಎಂದಷ್ಟೇ. ಹಸಿದಿರಬೇಕೆಂದು ಯಾವ ಹಿರಿಯರೂ ಹೇಳಿದಂತಿಲ್ಲ. ಬೆಳಿಗ್ಗೆ ಶೇಂಗಾಪುಡಿ, ತುಪ್ಪ ಹಾಕಿದ ಸಾಬೂದಾಣಿಯ, ಎಂದರೆ ಸಬ್ಬಕ್ಕಿಯ, ಖಿಚಡಿ. ಮಧ್ಯಾಹ್ನ ಬೆಲ್ಲದ ಜೊತೆ ಕುದಿಸಿದ ಗೆಣಸು. ಸಂಜೆ ಕರಿದ ಆಲೂಗಡ್ಡೆ, ರಾತ್ರಿ ಹಾಲು, ಸಕ್ಕರೆ, ಬಾಳೆಹಣ್ಣು. ನಡುನಡುವೆ ಉಪವಾಸದ ನಿಶ್ಶಕ್ತಿ ಹೋಗಲೆಂದು ಸಕ್ಕರೆ ಜಾಸ್ತಿ ಹಾಕಿದ ಚಹಾ. ಉಳಿದ ದಿನ ಎರಡು ರೊಟ್ಟಿಗೇ ತಾಟು ಬಿಟ್ಟು ಏಳುತ್ತಿದ್ದ ನಾನು ಸೋಮವಾರ ಏಳಲಾರದೆ ಏಳುತ್ತಿದ್ದೆ. ಶಾಲೆಯಲ್ಲಿ ಎಲ್ಲರೂ "ಪಾಪ, ಎಂಥಾ ಕಠಿಣ ವ್ರತ ಮಾಡಾಕತ್ತೀರಿ!" ಎಂದು ಮರುಗಿ, ಇನ್ನೊಂದು ಬಾಳೆಹಣ್ಣು ಕೊಡುತ್ತಿದ್ದರು.

ಅಯೋಡಿನ್ ಹನಿ ಬಿದ್ದರೆ ಪಿಷ್ಟ ಕಡುನೀಲಿಯಾಗುತ್ತದೆ ಎಂದು ಮಕ್ಕಳಿಗೆ ಮಾಡಿ ತೋರಿಸುವವಳು ನಾನು. ಸಾಬೂದಾಣಿಯೆಂದರೆ ಪಿಷ್ಟದ ಮುದ್ದೆಯೇ ಎಂದು ನನಗೆ ಗೊತ್ತಿರಲಿಲ್ಲವೇ? ಅತ್ತೆಯ ಮನಸ್ಸು ನೋಯಿಸಬಾರದೆಂದು ಸುಮ್ಮನಿದ್ದೆ ಎಂದು ಬರೆದರೆ ಓದಲು ಚಂದ. ಖಿಚಡಿ ರುಚಿಯಾಗಿತ್ತು, ಅದಕ್ಕೇ ಸುಮ್ಮನಿದ್ದೆ.

ಕೆಲವು ತಿಂಗಳ ನಂತರ ಹೋದರೆ ತೂಕ ಏರಿತ್ತು, ಲಿವರಿನ ಕೊಬ್ಬೂ ಏರಿತ್ತು. "ಏನು ತಿಂದ್ರಿ?" ಎಂದರು ಡಾಕ್ಟರಮ್ಮ.

"ಏನೂ ತಿಂದಿಲ್ರಿ ಪಾಪ, ವಾರದಾಗ ಮೂರು ದಿನ ಉಪವಾಸ," ಎಂದು ಅತ್ತೆ ಹೆಮ್ಮೆಯಿಂದ ಆ ಮೂರು ದಿನದ ಅಡುಗೆಯನ್ನೆಲ್ಲ ಬಣ್ಣಿಸಿದರು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅಮ್ಮಾರ, ನಿಮಗ ಕೈ ಮುಗೀತೇನಿ, ಈಕೀಗಿ ಊಟ ಹಾಕ್ರಿ! ಜ್ವಾಳದ ರೊಟ್ಟಿ, ಹೆಸರಬ್ಯಾಳಿ, ಪುಂಡಿಪಲ್ಯ, ಸೌತಿಕಾಯಿ. ದಿನಾ ನಡೀಲಿ. ಹಿಂಗ ಬಿಟ್ರ ಲಿವರ್ ಗಟ್ಟಿ ಆಗ್ತದ. ತೂಕ ಇಳಿಯೂತನಕ ನಾ ಕೂಸಿನ ಗುಳಿಗಿ ಕೊಡಂಗಿಲ್ಲ."

ಇಷ್ಟು ದಿನ ಶಾಂತಕ್ಕನನ್ನು, ಅತ್ತೆಯನ್ನು ಆಡಿಕೊಂಡು ನಕ್ಕವಳು ನಾನು; ಕೂಸನ್ನು ತುತ್ತು ತುತ್ತಾಗಿ ಮುಂದೆ ತಳ್ಳಿದವಳೂ ನಾನೇ. ಜೇವರ್ಗಿಯಲ್ಲಿ ಬಸ್ಸು ಇಳಿಯುವಾಗ ಅತ್ತೆ, "ದೇವರಿಗಿ ಮಾತು ಕೊಟ್ಟೀನಿ, ಹ್ಯಾಂಗ ಮುರೀಲಿ?" ಎಂದರು. ನನಗೆ ಬಹಳ ಕೆಟ್ಟದೆನಿಸಿತು.

ಮುಂದಿನ ಸೋಮವಾರ ನನ್ನ ತಾಟಿಗೆ ರೊಟ್ಟಿ, ಬೇಳೆ, ಪುಂಡಿಪಲ್ಯ ಬಂತು. ಎದುರಿಗೆ ಅತ್ತೆ ಬಿಸಿ ಖಿಚಡಿಯ ಬಟ್ಟಲು ಹಿಡಿದು ಕೂತರು.

"ನಿನ್ನ ಪಾಲಿನ ಉಪವಾಸ ಇನ್ನ ಮ್ಯಾಲ ನಾ ಮಾಡ್ತೇನಿ. ದೇವರಿಗಿ ಯಾರು ಮಾಡಿದ್ರೇನು? ನಿನ್ನ ಲಿವರ್ ಸಲುವಾಗಿ ತಿನ್ನಾಕತ್ತೇನಿ ಬೇ," ಎಂದು ಕಣ್ಣು ಮುಚ್ಚಿ ಭಕ್ತಿಯಿಂದ ಮೊದಲ ತುತ್ತು ಬಾಯಿಗಿಟ್ಟರು.

ನನ್ನ ಕಣ್ಣಲ್ಲಿ ನೀರು ಬಂತು. ಸೊಸೆಗೆ ತಮ್ಮ ಮೇಲೆ ಎಷ್ಟು ಅಂತಃಕರಣ ಎಂದುಕೊಂಡು ಅತ್ತೆ ತಮ್ಮ ಸೆರಗಿನಿಂದ ಒರೆಸಿದರು. ಸುಳ್ಳೇಕೆ ಹೇಳಲಿ, ಅರ್ಧ ನೀರು ಅದಕ್ಕೇ ಬಂದದ್ದು. ಉಳಿದರ್ಧ ಆ ತುಪ್ಪದ ವಾಸನೆಗೆ.